ಕಂಪನಿಯ ಬೂಟು, ದುರುಗವ್ವನ ಜೋಡು

ಬೂಟಿನ ಅಂಗಡಿಗೆ ಕೆಲಸಕ್ಕೆ ಸೇರುವವರು ಮೊದಲು ಕುಕ್ಕರಗಾಲಿನಲ್ಲಿ ಕೂರುವುದನ್ನು ಕಲಿಯಬೇಕು. ಗಿರಾಕಿ ಬೆಂಚಿನ ಮೇಲೆ ಕೂರುತ್ತಾನೆ, ನಾವು ಅವನ ಕಾಲ ಬಳಿ ಕೂರುತ್ತೇವೆ. ಅವನು ಎದ್ದಾಗ ಏಳುತ್ತೇವೆ, ಮತ್ತೆ ಕೂರುತ್ತೇವೆ. ಹಾಗೆ ಕೂತು ಎದ್ದು ನನ್ನ ಮೊಣಕಾಲುಗಳು ಈಗ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಗುಲಬರ್ಗಾದ ದೊಡ್ಡ ಬೂಟಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. "ಕಾಕಾ, ನಿಮ್ಮ ಕಾಲಕ್ಕ ಈ ಕೆಲಸ ಹ್ಯಾಂಗಿತ್ತು, ಒಂದೀಟು ಬರದು ಕೊಡ್ರಿ" ಎಂದಳು. ಅವಳ ಸಲುವಾಗಿ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಅದರ ಉಪ್ಪು ತಿಂದವನು ನಾನು.

ನಾನು ಯಾದಗಿರಿಯವನು. ಆಗ ನಿಜಾಮರ ರಾಜ್ಯ. ಶಾಲೆಯಲ್ಲಿ ಉರ್ದು ಕಲಿತಿದ್ದೆ, ಮನೆಯಲ್ಲಿ ಅಪ್ಪ ಕನ್ನಡ ತಿದ್ದಿಸಿದ್ದ. ಓದು ಮುಗಿದು ಎರಡು ವರ್ಷ ಸುಮ್ಮನೆ ತಿರುಗಿದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಹೈದರಾಬಾದಿನ ಬೂಟಿನ ಕಂಪನಿಯೊಂದು ಬ್ರ್ಯಾಂಚ್ ತೆರೆಯಿತು. ರೈಲು ನಿಲ್ಲುವ ಊರುಗಳಲ್ಲೆಲ್ಲ ಆ ಕಂಪನಿಗೆ ಒಂದೊಂದು ಅಂಗಡಿ ಇತ್ತು. ಎಲ್ಲ ಕಡೆ ಅದೇ ಹಸಿರು ಬಣ್ಣದ ಬಾಗಿಲು, ಅದೇ ಗಾಜಿನ ಕಪಾಟು, ಅದೇ ದರ. ಕಂಪನಿಯ ಮುದ್ರೆಯ ಜೊತೆ ದರವನ್ನೂ ಬೂಟಿನ ಅಡಿಯ ಅಟ್ಟೆಗೇ ಒತ್ತಿರುತ್ತಿದ್ದರು. ಉರ್ದು, ಕನ್ನಡ ಎರಡೂ ಬಲ್ಲವನೊಬ್ಬ ಬೇಕಾಗಿತ್ತು. ನನ್ನನ್ನು ತೆಗೆದುಕೊಂಡರು.

ಮನೆಯಲ್ಲಿ ಹೇಳಿದಾಗ ಅಪ್ಪ ಊಟದ ತಾಟಿನ ಮುಂದಿನಿಂದ ಎದ್ದುಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯ ಮಗ ತೊಗಲು ಮುಟ್ಟುವುದೆಂದರೇನು!

"ಮಂದಿ ಕಾಲ ತೊಡಿ ಮ್ಯಾಲ ಇಟ್ಗೊಳ್ಳು ಕೆಲಸ ಅದು. ಸಾಲಿ ಕಲಿಸಿದ್ದು ಇದಕೇನಲೇ?" ಎಂದ.

"ಬ್ಯಾರೆ ಕೆಲಸ ಎಲ್ಲೈತಿ ತೋರಿಸಪ್ಪಾ, ಅಲ್ಲಿಗೇ ಹೋಗ್ತೀನಿ" ಎಂದೆ. ಅವನು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ನಮ್ಮ ಮ್ಯಾನೇಜರು ಖಾದರ ಸಾಹೇಬರು. ಹೈದರಾಬಾದಿನವರು, ಸಣಕಲು ದೇಹ, ಶೇರವಾನಿಗೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಕನ್ನಡ ತಡವರಿಸಿ ಮಾತಾಡುತ್ತಿದ್ದರು, ಓದಲು ಬರೆಯಲು ಬರುತ್ತಿರಲಿಲ್ಲ. ಮೊದಲ ದಿನವೇ ನನಗೆ ಹೇಳಿದರು: "ಶರಣಪ್ಪ, ಗಿರಾಕಿ ಮುಖ ನೋಡಬ್ಯಾಡ. ಪೈರ್ ನೋಡು, ಕಾಲು. ಮುಖ ನೋಡಿದ್ರ ಜಾತಿ ಕಾಣ್ತದ. ಕಾಲಿಗಿ ಸೈಜ್ ಅಷ್ಟೇ ಇರ್ತದ." ಅವರು ಆ ಮಾತಿನಂತೆಯೇ ನಡೆದರು. ನಮ್ಮ ಅಂಗಡಿಯ ಬೆಂಚಿನ ಮೇಲೆ ಯಾರು ಬೇಕಾದರೂ ಕೂರಬಹುದಾಗಿತ್ತು. ಸಂತೆಗೆ ಬಂದ ದಲಿತ ಕೇರಿಯ ಗಂಡಸರು ಮೊದಲ ಸಲ ಬಂದಾಗ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಸಾಹೇಬರು ತಾವೇ ಹೋಗಿ ಕೈ ಹಿಡಿದು ತಂದು ಕೂರಿಸುತ್ತಿದ್ದರು. ಊರಿನ ಬೇರೆ ಯಾವ ಅಂಗಡಿಯಲ್ಲೂ ಅದನ್ನು ನಾನು ಕಂಡಿರಲಿಲ್ಲ. ಮುಂದೆ ನಮ್ಮ ಅಂಗಡಿಯ ಬಗ್ಗೆ ಕೆಟ್ಟದ್ದನ್ನೇ ಬರೆಯುವವನಿದ್ದೇನೆ, ಆದ್ದರಿಂದ ಈ ಒಳ್ಳೆಯದನ್ನು ಮೊದಲೇ ಹೇಳಿದೆ.

ನನ್ನ ಮೊದಲ ದೊಡ್ಡ ತಪ್ಪು ಬಳಿಚಕ್ರದ ರೈತ ಭೀಮರಾಯನ ವಿಷಯದ್ದು. ಅವನು ಸಂತೆಯ ದಿನ ಬಂದ. ಚೌಕಾಸಿ ಮಾಡಿ ಮಾಡಿ, ಇಲ್ಲಿ ಚೌಕಾಸಿ ನಡೆಯುವುದಿಲ್ಲ ಎಂದು ತಿಳಿದ ಮೇಲೆ ಬೆರಗಾಗಿ, ಒಂದು ಜೊತೆ ಬೂಟು ಕೊಂಡು ಹೋದ. ಜನ ತುಂಬಿದ್ದ ಗಡಿಬಿಡಿಯಲ್ಲಿ ನಾನು ಎರಡೂ ಎಡಗಾಲಿನವನ್ನೇ ಕಟ್ಟಿಕೊಟ್ಟಿದ್ದೆ. ಎಂಟು ದಿನ ಕಳೆದು ಅವನು ಕುಂಟುತ್ತ ಬಂದ. ಬಲಗಾಲಿನ ಬೆರಳುಗಳ ಮೇಲಿನ ಬೊಬ್ಬೆ ಒಡೆದು ಕೀವಾಗಿತ್ತು. ಬೈಯಲು ಬಂದಿದ್ದಾನೆ ಎಂದುಕೊಂಡೆ. ಅವನು ಕೈ ಮುಗಿದ.

"ಸಾವ್ಕಾರ, ಇದನ್ನ ಹಾಕ್ಕೊಳ್ಳು ಪದ್ಧತಿ ಹ್ಯಾಂಗರಿ? ನಂಗ ರೂಢಿ ಇಲ್ರಿ."

ನಾನು ಬೂಟುಗಳನ್ನು ತಿರುಗಿಸಿ ನೋಡಿದೆ. "ಎರಡೂ ಎಡಗಾಲಿನವು ಅದಾವಲ್ಲೋ! ನಿನಗ ತಿಳೀಲಿಲ್ಲೇನು?"

"ತಿಳೀತರಿ. ಆದ್ರ ಕಂಪನಿದು ಅಲ್ರಿ? ಅವರು ತಪ್ಪು ಮಾಡ್ತಾರೇನ್ರಿ? ನನ್ನ ಕಾಲ್ದೇ ತಪ್ಪಿರಬೇಕಂದ್ನಿ."

ಸಾಹೇಬರು ಬೇರೆ ಜೊತೆ ಕೊಡಿಸಿದರು. ಅವನು ಹೋದ ಮೇಲೆ ನಾವಿಬ್ಬರೂ ನಕ್ಕೆವು. ಒಬ್ಬ ಮನುಷ್ಯ ತನ್ನ ಕಾಲಿನ ಮಾತನ್ನು ನಂಬದೆ ಎಂಟು ದಿನ ಅಟ್ಟೆಗೆ ಒತ್ತಿದ ಮುದ್ರೆಯನ್ನು ನಂಬಿ ನಡೆದಿದ್ದ. ನಾವು ಮಾರುತ್ತಿದ್ದದ್ದು ಬಹುಶಃ ಆ ನಂಬಿಕೆಯನ್ನೇ.

ಯಾದಗಿರಿಯ ವ್ಯಾಪಾರ ಕೈಗೆ ಬಂದ ಮೇಲೆ ಕಂಪನಿಯ ಕಣ್ಣು ಶಹಾಪುರ, ಸುರಪುರಗಳ ಮೇಲೆ ಬಿತ್ತು. ಅಲ್ಲಿಗೆ ರೈಲಿಲ್ಲ. ವಾರಕ್ಕೊಮ್ಮೆ ನಾನು ಎರಡು ಟ್ರಂಕು ತುಂಬ ಬೂಟು ಹೇರಿಕೊಂಡು ಸರ್ವಿಸ್ ಮೋಟರಿನಲ್ಲಿ ಭೀಮಾ ನದಿ ದಾಟಿ ಹೋಗುತ್ತಿದ್ದೆ. ಶಹಾಪುರದ ಸಂತೆಯಲ್ಲಿ ವ್ಯಾಪಾರ ನಡೆಯಿತು. ಸುರಪುರದಲ್ಲಿ ಜನ ಬಂದು ನೋಡಿ, ಬೂಟಿನ ಮೂತಿ ಸವರಿ, ಹಾಗೇ ಹೋಗುತ್ತಿದ್ದರು. ನಾಲ್ಕು ವಾರ ಹೀಗೇ ಆಯಿತು. ಕೊನೆಗೆ ಪಕ್ಕದ ಬಳೆಗಾರನನ್ನು ಕೇಳಿದೆ.

"ಇಲ್ಲಿ ಎಲ್ಲಾರೂ ದುರುಗವ್ವನ ಜೋಡು ಹಾಕ್ತಾರ. ಮಾಸ್ತರ ಮುಂದ ಮಾತು ಕೊಟ್ಟಾರ, ಹೊರಗಿಂದು ಕೊಳ್ಳಂಗಿಲ್ಲ ಅಂತ" ಎಂದ.

ದುರುಗವ್ವ ಜೋಡು ಹೊಲಿಯುವ ಹೆಂಗಸು. ಆ ಕಸುಬು ಗಂಡಸರದ್ದು. ಆದರೆ ಗಂಡ ಸತ್ತ ಮೇಲೆ ಅವನ ಉಳಿ, ದಬ್ಬಣ, ಮರದ ಅಚ್ಚುಗಳನ್ನು ಈಕೆಯೇ ಹಿಡಿದಿದ್ದಳು. ಬೇವಿನ ಮರದ ಕೆಳಗೆ ಒಂದು ತಟ್ಟಿಯ ನೆರಳು, ಅದೇ ಅವಳ ಅಂಗಡಿ. ಮೇಲಿನ ಜಾತಿಯವರ ಕಾಲನ್ನು ಅವಳು ಮುಟ್ಟುವಂತಿರಲಿಲ್ಲ. ಅವರು ಬಂದು ಅವಳ ಮುಂದಿನ ಹಸಿ ಮಣ್ಣಿನಲ್ಲಿ ಒಂದು ಹೆಜ್ಜೆ ಊರಿ ಹೋಗುತ್ತಿದ್ದರು. ಅವಳು ಆ ಹೆಜ್ಜೆಗೆ ದಾರ ಹಿಡಿದು ಅಳತೆ ತೆಗೆಯುತ್ತಿದ್ದಳು. ಮಣ್ಣು ಎಲ್ಲಿ ಆಳಕ್ಕೆ ಕುಸಿದಿದೆ ಎಂದು ನೋಡಿ, ಈತ ಹಿಮ್ಮಡಿ ಒತ್ತಿ ನಡೆಯುತ್ತಾನೆ, ಆಕೆ ಒಂದು ಪಕ್ಕಕ್ಕೆ ವಾಲುತ್ತಾಳೆ ಎಂದು ತಿಳಿಯುತ್ತಿದ್ದಳು. ಆ ಪಕ್ಕಕ್ಕೆ ಒಂದು ಪದರ ತೊಗಲು ಹೆಚ್ಚು ಹಾಕುತ್ತಿದ್ದಳು. ಕಾಲು ಮುಟ್ಟಬಾರದ ಅವಮಾನದಿಂದಲೇ ಆ ವಿದ್ಯೆ ಹುಟ್ಟಿತ್ತು. ನಾನು ನನ್ನ ಕಂಪನಿಯ ತಗಡಿನ ಅಳತೆಗೋಲು ಹಿಡಿದುಕೊಂಡು ಅದನ್ನು ನಿಂತು ನೋಡಿದೆ.

ಮಾಸ್ತರೆಂದರೆ ಸಿದ್ರಾಮಪ್ಪ ಮಾಸ್ತರು. ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಒಂದು ದಿನ ಅವರೇ ನನ್ನ ಟ್ರಂಕಿನ ಹತ್ತಿರ ಬಂದರು.

"ತಮ್ಮಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನಿನ್ನ ಬೂಟು ಹರದ್ರ ಹೊಲದು ಕೊಡ್ತೀಯೇನು?"

"ಇಲ್ರಿ. ಹೊಲಿಗಿ ಕೆಲಸ ಕಂಪನಿ ಮಾಡಂಗಿಲ್ರಿ. ಹೊಸಾದು ತೊಗೋಬೇಕ್ರಿ."

"ನಮ್ಮ ಓಣ್ಯಾಗ ಯಾರರ ಸತ್ರ ನಿನ್ನ ಕಂಪನಿ ಬರ್ತದೇನು?"

ನಾನು ಟ್ರಂಕಿನ ಬೂಟುಗಳನ್ನು ಸರಿಸತೊಡಗಿದೆ.

"ದುರುಗವ್ವ ಬರ್ತಾಳ. ದೂರ ನಿಂದರ್ತಾಳ, ಆದ್ರ ಬರ್ತಾಳ. ಅದಕ್ಕ ನಾವು ಆಕಿ ಕಡೀನೇ ತೊಗೋತೀವಿ. ಇಷ್ಟೇ ನೋಡಪಾ."

ಇದನ್ನು ಸಾಹೇಬರಿಗೆ ಹೇಳಿದೆ. ಅವರು ಮೊದಲು ಒಂದು ಉಪಾಯ ಮಾಡಿದರು. ಹಳೆಯ ಜೋಡು ತಂದುಕೊಟ್ಟವರಿಗೆ ಬೂಟಿನ ದರದಲ್ಲಿ ರಿಯಾಯಿತಿ. ಸುರಪುರದಿಂದ ಬಂದದ್ದು ಮೂರೋ ನಾಲ್ಕೋ ಜೊತೆ, ಅಷ್ಟೆ. ಅವನ್ನು ಮತ್ತೆ ಯಾರೂ ಹಾಕದಂತೆ ಕತ್ತರಿಸಬೇಕೆಂದು ಹೈದರಾಬಾದಿನಿಂದ ಹುಕುಂ ಇತ್ತು. ದುರುಗವ್ವನ ಹೊಲಿಗೆಗೆ ನನ್ನ ಕತ್ತರಿ ನಾಟಲೇ ಇಲ್ಲ. ಕೊಡಲಿ ತರಿಸಿ ಕಡಿದೆ.

ಎರಡನೆಯ ಉಪಾಯ ಹೈದರಾಬಾದಿನಿಂದಲೇ ಬಂತು. ಶಹಾಪುರದಲ್ಲಿ ತೊಗಲು ಹದ ಮಾಡುವ ಎರಡು ಮನೆಗಳಿದ್ದವು. ಸುತ್ತಲಿನ ಊರುಗಳಿಗೆಲ್ಲ ಒಳ್ಳೆಯ ತೊಗಲು ಹೋಗುತ್ತಿದ್ದದ್ದು ಅಲ್ಲಿಂದಲೇ. ಆ ಮನೆಯವರ ತೊಗಲನ್ನೆಲ್ಲ ಇನ್ನು ಕಂಪನಿಯೇ ಕೊಳ್ಳುತ್ತದೆ, ಬೇರೆ ಯಾರಿಗೂ ಒಂದು ತುಂಡನ್ನೂ ಕೊಡಬಾರದು ಎಂಬ ಕರಾರು. ಸಾಹೇಬರು ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದೆ. ಬರೆಯುವಾಗ ನನಗೆ ಎಲ್ಲ ಅರ್ಥವಾಗಿತ್ತು. ಪೆನ್ನು ಕೆಳಗಿಟ್ಟು ಏಳಬಹುದಾಗಿತ್ತು. "ಸಾಹೇಬ್ರ, ಆ ಹೆಣ್ಮಗಳ ಗತಿ ಏನ್ರಿ?" ಎಂದು ಕೇಳಿದೆ. ಅಷ್ಟೇ ಕೇಳಿದೆ.

ಅವರು ಕಿಟಕಿಯ ಕಡೆ ನೋಡಿದರು. "ನಾನೂ ನೌಕರ, ನೀನೂ ನೌಕರ. ಬರಿ" ಎಂದರು. ಬರೆದೆ.

ಆ ಮಳೆಗಾಲಕ್ಕೆ ದುರುಗವ್ವನಿಗೆ ಸಿಕ್ಕಿದ್ದು ಸರಿಯಾಗಿ ಹದವಾಗದ ಕಚ್ಚಾ ತೊಗಲು. ಅವಳು ಅದನ್ನೇ ಹೊಲಿದಳು. ನೆನೆದರೆ ಉಬ್ಬುತ್ತಿತ್ತು, ಒಣಗಿದರೆ ಸೆಟೆದು ಕಾಲು ಕೊರೆಯುತ್ತಿತ್ತು. ಎರಡು ತಿಂಗಳಿಗೆ ಅಟ್ಟೆ ಬಿಡುತ್ತಿತ್ತು. ಜನ ಮಾಸ್ತರ ಮುಖ ನೋಡಿಕೊಂಡು ಒಂದು ಸಲ ತಾಳಿದರು, ಎರಡು ಸಲ ತಾಳಿದರು.

ದೀಪಾವಳಿಯ ಹೊತ್ತಿಗೆ ಸಿದ್ರಾಮಪ್ಪ ಮಾಸ್ತರು ಯಾದಗಿರಿಯ ನಮ್ಮ ಅಂಗಡಿಗೇ ಬಂದರು. ಮಟಮಟ ಮಧ್ಯಾಹ್ನ. ಛತ್ರಿಯನ್ನು ಮುಖ ಮುಚ್ಚುವಂತೆ ಇಳಿಸಿ ಹಿಡಿದಿದ್ದರು. ಅವರ ಹಿಮ್ಮಡಿ ಒಡೆದು ರಕ್ತ ಕಟ್ಟಿತ್ತು. ನಾನು ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒರೆಸಿದೆ.

"ನನಗ ನಾಚಿಕಿ ಬರ್ತದ ತಮ್ಮಾ. ಆದ್ರ ಸಾಲ್ಯಾಗ ದಿನಾಪೂರ್ತಿ ನಿಂತಿರಬೇಕು. ತಾಳಂಗಿಲ್ಲ" ಎಂದರು. ಬೂಟಿನೊಳಗೆ ಕಾಲು ತೂರಿಸುತ್ತ, "ಪಾಪ, ದುರುಗವ್ವಂದು ಕೈ ಕೆಟ್ಟೈತಿ. ವಯಸ್ಸಾತು. ಮೊದಲಿನ ಕೆಲಸ ಇಲ್ಲ" ಎಂದರು.

ಅವಳ ಕೈ ಕೆಟ್ಟಿರಲಿಲ್ಲ, ತೊಗಲು ಕೆಟ್ಟಿತ್ತು. ಏಕೆ ಕೆಟ್ಟಿತ್ತೆಂಬುದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಅವರು ಬರಿಗಾಲಲ್ಲೇ ಎದ್ದು ಶಹಾಪುರಕ್ಕೆ ಹೋಗಿ ಹದದವರ ಹತ್ತಿರ ಜಗಳ ಆಡಿಬರುವ ಮನುಷ್ಯ. ಹೇಳಿದರೆ ನನ್ನ ನೌಕರಿ ಹೋಗುತ್ತಿತ್ತು.

"ಹೌದ್ರಿ, ವಯಸ್ಸಾತಲ್ರಿ" ಎಂದೆ. ಬೂಟಿನ ಲಾಡಿ ಕಟ್ಟಿದೆ.

"ಯಾರ ಮುಂದನೂ ಹೇಳಬ್ಯಾಡಪಾ" ಎಂದರು.

ನಾನು ಹೇಳಬೇಕಾಗಿಯೇ ಇರಲಿಲ್ಲ. ಆ ವರ್ಷದ ಬೂಟುಗಳು ನಡೆದರೆ ಕಿರ್ ಕಿರ್ ಎನ್ನುತ್ತಿದ್ದವು. ಶಾಲೆಯ ಕಲ್ಲುಹಾಸಿನ ಮೇಲೆ ಮಾಸ್ತರು ಓಡಾಡಿದ ಸಪ್ಪಳ ಓಣಿಗೆಲ್ಲ ಕೇಳಿತು. ಮುಂದಿನ ವಾರ ಸುರಪುರದಲ್ಲಿ ನನ್ನ ಎರಡೂ ಟ್ರಂಕು ಸಂಜೆಯಾಗುವ ಮೊದಲೇ ಬರಿದಾದವು. ಹೈದರಾಬಾದಿನಿಂದ ನಮಗೆ ಶಾಬಾಶ್ ಎಂಬ ಕಾಗದ ಬಂತು. ಸಾಹೇಬರು ಅದನ್ನು ಓದಿ ಮಡಚಿಟ್ಟರು, ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

ದುರುಗವ್ವ ಬಂದದ್ದು ಅದರ ನಂತರ. ಒಂದು ಬೆಳಿಗ್ಗೆ ಅಂಗಡಿಯ ಎದುರಿನ ಚರಂಡಿಯ ಆಚೆ ನಿಂತಿದ್ದಳು. ಬರಿಗಾಲು. ಊರಿಗೆಲ್ಲ ಜೋಡು ಹೊಲಿದವಳ ಕಾಲಲ್ಲಿ ಏನೂ ಇರಲಿಲ್ಲ. ಸಾಹೇಬರು ಅವಳು ಯಾರೆಂದು ತಿಳಿಯದೆ, ಎಲ್ಲರನ್ನೂ ಕರೆಯುವಂತೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಅವಳು ಅಂಚಿಗೆ ಕೂತು ಎರಡೂ ಕೈಯಿಂದ ಬೆಂಚು ಹಿಡಿದುಕೊಂಡಳು. ನಾನು ಅಭ್ಯಾಸಬಲದಿಂದ ಅಳತೆಗೋಲು ತೆಗೆದುಕೊಂಡು ಅವಳ ಕಾಲಿಗೆ ಕೈ ಚಾಚಿದೆ. ಅವಳು ಕಾಲನ್ನು ಸೆಳೆದುಕೊಂಡಳು.

"ಬ್ಯಾಡ ಯಪ್ಪಾ. ನಾ ಕೊಳ್ಳಾಕ ಬಂದಿಲ್ಲ. ಒಂದು ಬೂಟು ಕೈಯಾಗ ಕೊಡು, ನೋಡ್ತೀನಿ."

ಕೊಟ್ಟೆ. ಅವಳು ಅದನ್ನು ಬಾಗಿಸಿದಳು, ಮೂಸಿದಳು, ಉಗುರಿನಿಂದ ಅಟ್ಟೆಯ ಅಂಚನ್ನು ಸ್ವಲ್ಪ ಕೆದರಿದಳು.

"ಒಳಗ ರಟ್ಟು ತುಂಬ್ಯಾರ" ಎಂದಳು. ಯಾರನ್ನೂ ದೂರುವ ದನಿ ಇರಲಿಲ್ಲ. ಮೇಲಿನ ತೊಗಲನ್ನು ಹೆಬ್ಬೆರಳಿನಿಂದ ಸವರಿದಳು. "ಮ್ಯಾಲಿಂದು ಶಹಾಪುರದ ಹದ. ಈ ವಾಸನಿ ನಂಗೊತ್ತು. ಇದು ನನ್ನ ತೊಗಲು."

ಅವಳು ಯಾರೆಂದು ಸಾಹೇಬರಿಗೆ ಈಗ ತಿಳಿಯಿತು. ಅವರು ಎದ್ದು ಒಳಗಿನ ಕೋಣೆಗೆ ಹೋದರು. ನಾವಿಬ್ಬರೇ ಉಳಿದೆವು.

"ಹದದವರು ಕರಾರಿನ ಕಾಗದ ತೋರಿಸಿದ್ರು" ಎಂದಳು. "ನಂಗ ಓದಾಕ ಬರಂಗಿಲ್ಲ. ಅಕ್ಷರ ಮುತ್ತಿನಂಗ ದುಂಡಗ ಅದಾವ ಅಂದ್ರು. ನಿಮ್ಮ ಸಾಹೇಬಗ ಕನ್ನಡ ಬರಿಯಾಕ ಬರಂಗಿಲ್ಲಂತ. ನೀನೇ ಬರದೀಯೇನು?"

"ಹೂಂ" ಎಂದೆ.

ಅವಳು ತಲೆ ಆಡಿಸಿದಳು. ಬೈಯಲಿಲ್ಲ. "ಇಲ್ಲಿ ಏನರ ಕೆಲಸ ಕೊಡ್ತೀರೇನು? ಹರಿದಿದ್ದು ಹೊಲೀತೀನಿ."

"ಇಲ್ಲಿ ಹೊಲಿಯಂಗಿಲ್ಲ ದುರುಗವ್ವ."

"ಹರಿದಿದ್ದು ಏನು ಮಾಡ್ತೀರಿ ಮತ್ತ?"

ನಾನು ಕೊಡಲಿಯ ವಿಷಯ ಹೇಳಲಿಲ್ಲ. ಅವಳು ಬೂಟನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟಳು. ಎದ್ದು, ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ ಹೊರಟುಹೋದಳು. ಹಾಗೆ ಒರೆಸಬೇಕಾಗಿರಲಿಲ್ಲ. ನಾನು ತಡೆಯಲಿಲ್ಲ.

ಕೆಲವು ವರ್ಷ ನಮ್ಮ ವ್ಯಾಪಾರ ಹಾಲು ಉಕ್ಕಿದಂತೆ ಉಕ್ಕಿತು. ಶಹಾಪುರ, ಸುರಪುರ, ಸುತ್ತಲ ಹಳ್ಳಿಗಳಲ್ಲಿ ಜೋಡು ಹೊಲಿಯುವವರು ಒಬ್ಬೊಬ್ಬರಾಗಿ ಕಸುಬು ಬಿಟ್ಟರು. ಕೆಲವರು ರಸ್ತೆಯ ಜಲ್ಲಿ ಒಡೆಯಲು ಹೋದರು, ಕೆಲವರು ಊರನ್ನೇ ಬಿಟ್ಟರು. ಆಮೇಲೆ ಎರಡನೆಯ ಮಹಾಯುದ್ಧ ಬಂತು. ಕಂಪನಿಯ ಕಾರ್ಖಾನೆ ಹಗಲೂ ಇರುಳೂ ಫೌಜಿನ ಬೂಟು ಹೊಲಿಯತೊಡಗಿತು. ನಮಗೆ ಮಾಲು ಬರುವುದು ಕಡಿಮೆಯಾಯಿತು, ಬರಬರುತ್ತ ನಿಂತೇಹೋಯಿತು. ಗಾಜಿನ ಕಪಾಟುಗಳಲ್ಲಿ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿಟ್ಟು ಕೂತೆವು. ಜನ ಬಂದು ಕೇಳುತ್ತಿದ್ದರು, ಇಲ್ಲವೆಂದರೆ ಕಪಾಟಿನ ಕಡೆ ಕೈ ತೋರಿಸಿ ಜಗಳ ಆಡುತ್ತಿದ್ದರು. ಊರ ಜೋಡನ್ನಾದರೂ ಹಾಕೋಣವೆಂದರೆ ಹೊಲಿಯುವವರಿಲ್ಲ. ಸಂತೆಯ ದಿನ ಸ್ಟೇಷನ್ ರಸ್ತೆಯ ಕಾದ ಮಣ್ಣಿನ ಮೇಲೆ ಬರಿಗಾಲಿನ ಜನ ಮುಂಗಾಲಿನಲ್ಲಿ ಹಾರಿ ಹಾರಿ ನಡೆಯುವುದನ್ನು ನಾನು ಅಂಗಡಿಯ ನೆರಳಿನಿಂದ ನೋಡುತ್ತಿದ್ದೆ.

ಜನ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ ಎಂದು ನಮಗೆ ಕಲಿಸಿದ್ದರು. ಇದನ್ನು ಈಗಲೂ ಹೊಸಬರಿಗೆ ಕಲಿಸುತ್ತಾರಂತೆ. ನಾವು ಮೊದಲು ಒಂದನ್ನು ಇಲ್ಲದಂತೆ ಮಾಡಿ, ಆಮೇಲೆ ಆರಿಸಿಕೊಳ್ಳಿ ಎಂದಿದ್ದೆವು. ಮಾಸ್ತರರ ಓಣಿಯವರು ನಿಜವಾಗಿ ಆರಿಸಿಕೊಂಡಿದ್ದರು. ಅವರ ಆಯ್ಕೆಯ ಬೇರನ್ನು ಶಹಾಪುರದಲ್ಲಿ ಕತ್ತರಿಸಿದ್ದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ದುರುಗವ್ವ ಯಾರ ಮುಂದೆಯೂ ದೂರಲಿಲ್ಲ, ನಾನು ಹೇಳಲಿಲ್ಲ.

ಖಾದರ ಸಾಹೇಬರನ್ನು ಹೈದರಾಬಾದಿಗೆ ವಾಪಸು ಕರೆಸಿಕೊಂಡರು. ಹೋಗುವ ದಿನ ಅವರು ಗೋದಾಮಿನ ಮೂಲೆಯಿಂದ, ಶಹಾಪುರದಿಂದ ಬಂದಿದ್ದ ಒಂದು ಸುರುಳಿ ಒಳ್ಳೆಯ ತೊಗಲನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಆ ಹೆಣ್ಮಗಳಿಗೆ ಕೊಡು. ನಾ ಕೊಟ್ಟೀನಿ ಅಂತ ಹೇಳಬ್ಯಾಡ" ಎಂದರು. ನನ್ನ ಮುಖ ನೋಡದೆ ರೈಲು ಹತ್ತಿದರು.

ಸುರಪುರದಲ್ಲಿ ದುರುಗವ್ವ ಇರಲಿಲ್ಲ. ಬೇವಿನ ಮರದ ಕೆಳಗೆ ಯಾರೋ ಎತ್ತು ಕಟ್ಟಿದ್ದರು. ಕೊಡೇಕಲ್ಲಿನಲ್ಲಿ ಇದ್ದಾಳೆಂದು ಬಳೆಗಾರ ಹೇಳಿದ. ಅಲ್ಲಿಗೆ ಹೋದೆ. ಅಲ್ಲಿನ ಗುಡಿಗೆ ಬರುವ ಭಕ್ತರ ಜೋಡುಗಳನ್ನು ಕಾಯುತ್ತ, ಪೌಳಿಯ ಹೊರಗಿನ ಬಿಸಿಲಿನಲ್ಲಿ ಕೂತಿದ್ದಳು. ಆ ವರ್ಷಗಳಲ್ಲಿ ಬರುತ್ತಿದ್ದ ಭಕ್ತರಲ್ಲಿ ಹೆಚ್ಚಿನವರು ಬರಿಗಾಲಿನವರೇ. ಅವಳ ಮುಂದೆ ಇದ್ದದ್ದು ಎರಡೇ ಜೊತೆ. ಅವಳ ಒಂದು ಕಣ್ಣಿಗೆ ಹೂ ಬಿದ್ದು ಬೆಳ್ಳಗಾಗಿತ್ತು.

ಸುರುಳಿ ಬಿಚ್ಚಿ ಅವಳ ಮುಂದೆ ಇಟ್ಟೆ. ಅವಳು ನೋಡುವ ಮೊದಲು ಮೂಸಿದಳು. ಮುಖ ಒಂದು ಕ್ಷಣ ಅರಳಿತು.

"ಛಲೋ ತೊಗಲು" ಎಂದಳು. "ಯಾರಿಗೆ ಜೋಡು ಮಾಡಬೇಕಾಗಿತ್ತು?"

"ಯಾರಿಗೂ ಇಲ್ಲ. ನಿನಗೇ ತಂದೀನಿ. ಮತ್ತ ಕೆಲಸ ಸುರು ಮಾಡು. ಎಲ್ಲಾರೂ ಬರಿಗಾಲಾಗ ಅದಾರ. ಊರಿಗೆ ಊರೇ ನಿನ್ನ ಕಡಿ ಬರ್ತದ."

"ಅಚ್ಚು ಎಲ್ಲದಾವ ಯಪ್ಪಾ? ಮಳಿಗಾಲದಾಗ ಒಲಿಗೆ ಹಾಕಿದ್ನಿ. ಒಣಾ ಕಟ್ಟಿಗಿ ಇರಲಿಲ್ಲ."

"ಅಚ್ಚು ಬಡಗೇರ ಕಡಿಂದ ಮಾಡಿಸಿ ಕೊಡ್ತೀನಿ."

"ಕಣ್ಣು?"

ನಾನು ಸೋತು, "ಹೋಗಲಿ, ಯಾರಿಗರ ಕಲಿಸು. ನಿಮ್ಮ ಮಂದ್ಯಾಗ ಯಾರಿಗರ ಕಲಿಸಿದ್ಯೇನು?" ಎಂದು ಕೇಳಿದೆ.

ಅವಳು ತೊಗಲನ್ನು ಮೊದಲಿನಂತೆ, ಅಂಚು ಮುರಿಯದ ಹಾಗೆ, ಸುತ್ತತೊಡಗಿದಳು. ಬೆರಳುಗಳಿಗೆ ಆ ಕೆಲಸ ಇನ್ನೂ ಗೊತ್ತಿತ್ತು.

"ಕಲಿಸಬೇಕಂತ ಭಾಳ ಇತ್ತು. ನಮ್ಮ ತಂಗಿ ಮಗಳು ಕಲೀತೀನಿ ಅಂತ ಬಂದು ಒಂದು ವರ್ಷ ಕುಂತಳು. ಕಲಿಸಾಕ ತೊಗಲು ಬೇಕಲ್ಲೋ ಯಪ್ಪಾ. ತೊಗಲೇ ಇರಲಿಲ್ಲ. ಬರೇ ಕೈ ತಿರುಗಿಸಿ ತೋರಿಸಿದ್ರ ಎಲ್ಲಿ ಬರ್ತದ? ಹೋದಳಾಕಿ."

ಸುರುಳಿಯನ್ನು ನನ್ನ ಕಡೆ ಸರಿಸಿದಳು. ಆಗ ಒಬ್ಬ ಭಕ್ತ ಗುಡಿಯಿಂದ ಹೊರಗೆ ಬಂದ. ಅವಳು ಅವನ ಚಪ್ಪಲಿಗಳನ್ನು ಎತ್ತಿ, ಧೂಳು ಒರೆಸಿ, ಅವನ ಮುಂದೆ ಜೋಡಿಸಿ ಇಟ್ಟಳು. ಮತ್ತೆ ನನ್ನ ಕಡೆ ತಿರುಗಲಿಲ್ಲ.

ತೊಗಲನ್ನು ಮನೆಗೆ ತಂದೆ. ಯಾದಗಿರಿಯಲ್ಲಿ, ಶಹಾಪುರದಲ್ಲಿ, ಶಿರವಾಳದವರೆಗೂ ಹುಡುಕಿದೆ. ಅದನ್ನು ಕೊಯ್ದು ಹೊಲಿಯಬಲ್ಲ ಒಂದು ಕೈಯೂ ಸಿಗಲಿಲ್ಲ. ಎರಡು ಮಳೆಗಾಲ ಅಟ್ಟದ ಮೇಲೆ ಇತ್ತು. ಬೂಷ್ಟು ಹಿಡಿದು, ಹುಳ ಬಿದ್ದು, ವಾಸನೆ ಮನೆಯೆಲ್ಲ ತುಂಬಿದ ಮೇಲೆ ನನ್ನ ಹೆಂಡತಿ ಅದನ್ನು ಹಿತ್ತಲಿನಲ್ಲಿ ಹೂಳಿಸಿದಳು. ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಕಂಪನಿಯ ಮಾಲು ಮತ್ತೆ ಬರತೊಡಗಿತ್ತು. ನಾನು ಹಸಿರು ಬಾಗಿಲು ತೆರೆದು ಕಪಾಟು ಒರೆಸಿ, ಬಂದ ಗಿರಾಕಿಯ ಕಾಲ ಬಳಿ ಕೂತೆ. ನಿಜಾಮರ ರಾಜ್ಯ ಹೋಯಿತು, ಮ್ಯಾನೇಜರುಗಳು ಬದಲಾದರು. ಅದೇ ಕಂಪನಿಯಲ್ಲಿ ವಯಸ್ಸು ಮುಗಿಯುವವರೆಗೆ ಬೂಟು ಮಾರಿದೆ. ಬಿಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನಿಸಿತ್ತು. ಬಿಡಲಿಲ್ಲ.